ಕಾಡುಪಾಪ ಮತ್ತು ಸಗಣಿ ಹುಳು: ಯಾವ ಜೀವ ಹೆಚ್ಚು?

ತುಮಕೂರು ತಾಲ್ಲೂಕಿನ ನಾಗವಲ್ಲಿ ಎಂದರೆ ಪ್ರಾಣಿಪ್ರಿಯರಿಗೆ ನೆನಪಾಗುವುದು ಕಾಡುಪಾಪ. ಕೋತಿಗೆ ದೂರದ ನೆಂಟ, ಕಾಲು ಕಿಲೋ ತೂಗುವ ನಿಶಾಚರಿ. ದುಂಡು ಕಣ್ಣು, ಕೊಂಬೆಯನ್ನು ನಮ್ಮ ಹಾಗೇ ಹಿಡಿಯುವ ಬೆರಳು. ಮಾಟಮಂತ್ರದ ಹೆಸರಲ್ಲಿ ಅದನ್ನು ಹಿಂಸಿಸಿದವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಮೊದಲ ಪಟ್ಟಿಯಲ್ಲಿಟ್ಟು ಕಾಯುತ್ತದೆ. ಗುಬ್ಬಿ, ಕುಣಿಗಲ್ ಕಡೆಯ ಗೋಮಾಳದಲ್ಲಿ ಸಗಣಿ ಹೂಳುವ ಹುಳುವಿಗೆ ಅಂಥ ಕಾವಲಿಲ್ಲ. ಎರಡೂ ಅಳಿವಿನ ಅಂಚಿಗೆ ಬಂದರೆ ಯಾವುದಕ್ಕೆ ಹೆಚ್ಚು ಮರುಗಬೇಕು?

ಉತ್ತರ ನಾವು ಹಿಡಿಯುವ ಅಳತೆಗೋಲಿನ ಮೇಲೆ ನಿಂತಿದೆ. ಒಂದು ಗೋಲು ನೋವಿನದು. ನೋವುಣ್ಣಬಲ್ಲ ಜೀವಿ ಬೇರೆ ಕುಲದ್ದೆಂಬ ಕಾರಣಕ್ಕೇ ಅದರ ನೋವನ್ನು ಕಡೆಗಣಿಸುವಂತಿಲ್ಲ ಎಂದು ತತ್ತ್ವಚಿಂತಕ ಪೀಟರ್ ಸಿಂಗರ್ 1975ರ ‘ಅನಿಮಲ್ ಲಿಬರೇಷನ್’ನಲ್ಲಿ ವಾದಿಸಿದರು. ಮಂದರಗಿರಿಯ ಬಸದಿಗಳನ್ನು ಕಂಡ ತುಮಕೂರಿನವರಿಗೆ ಇದು ಹೊಸದಲ್ಲ. ಜೈನರು ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ವಿಂಗಡಿಸಿದ್ದಾರೆ. ಕಾಡುಪಾಪ ಮೇಲಿನ ಮೆಟ್ಟಿಲಿನದು, ಹುಳು ಅದಕ್ಕಿಂತ ಕೆಳಗಿನದು. ಹಾಗೆಂದು ಕೆಳಗಿನದನ್ನು ಕೊಲ್ಲಲು ಅಪ್ಪಣೆಯಿಲ್ಲ. ಈ ಎಚ್ಚರವೇ ನನಗೆ ಬಹಳ ದೊಡ್ಡದೆನಿಸುತ್ತದೆ.

ಇನ್ನೊಂದು ಗೋಲು ಒಂದೊಂದು ಪ್ರಾಣಿಯನ್ನಲ್ಲ, ಇಡೀ ಸಂತತಿಯನ್ನು ಅಳೆಯುತ್ತದೆ. ಮಣ್ಣು, ನೀರು, ಗಿಡ, ಪ್ರಾಣಿ ಎಲ್ಲ ಸೇರಿ ಒಂದೇ ಸಮುದಾಯ ಎಂದರು ಪರಿಸರ ಚಿಂತಕ ಆಲ್ಡೊ ಲಿಯೋಪಾಲ್ಡ್. 1949ರಲ್ಲಿ ಬಂದ ಅವರ ಪುಸ್ತಕದ ತಿರುಳು ಅದು. ಸಗಣಿ ಹುಳು ಸಗಣಿಯನ್ನು ನೆಲದೊಳಗೆ ಒಯ್ದು ಬೇರಿಗೆ ಸಾರ ಕೊಡುತ್ತದೆ, ಮಣ್ಣಿಗೆ ಗಾಳಿಯಾಡಿಸುತ್ತದೆ, ನೊಣ ಮೊಟ್ಟೆಯಿಡುವ ಜಾಗವನ್ನೇ ಇಲ್ಲವಾಗಿಸುತ್ತದೆ. ಕಾಂಗರೂ ಹಿಕ್ಕೆಗೆ ಒಗ್ಗಿದ್ದ ಆಸ್ಟ್ರೇಲಿಯಾದ ಹುಳುಗಳಿಗೆ ದನದ ಸಗಣಿ ನಿಭಾಯಿಸಲಾಗಲಿಲ್ಲ. ಹುಲ್ಲುಗಾವಲು ಕೆಟ್ಟು ನೊಣ ಹೆಚ್ಚಿ, ಆ ದೇಶ 1968ರಿಂದ ಹೊರಗಿನ ಹುಳುಗಳನ್ನು ತರಿಸಿ ಬಿಡಬೇಕಾಯಿತು.

ಆದರೆ ಉಪಯೋಗಕ್ಕಷ್ಟೇ ಬೆಲೆ ಕಟ್ಟಿದರೆ ಆ ಕೆಲಸಕ್ಕೆ ಯಂತ್ರ ಬಂದ ದಿನ ಹುಳು ಬೇಡವಾಗುತ್ತದೆ. ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡ ಸಂತತಿ ಒಮ್ಮೆ ಹೋದರೆ ಮರಳಿ ಬಾರದು. ಈ ಮಾತು ಕಾಡುಪಾಪಕ್ಕೂ ಹುಳುವಿಗೂ ಒಂದೇ. ಗಾಯಗೊಂಡ ಒಂದು ಕಾಡುಪಾಪವೂ ಒಂದು ಹುಳುವೂ ಎದುರಿಗಿದ್ದರೆ ನಾನು ಕಾಡುಪಾಪವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಎರಡು ಸಂತತಿಗಳ ಅಳಿವು ಉಳಿವಿನ ಮಾತು ಬಂದರೆ, ಮುದ್ದು ಮುಖ ನೋಡಿ ತೀರ್ಪು ಕೊಡಲಾರೆ.

ಹುಳುವಿಗಾಗಿ ನಾವು ಮಾಡಬಹುದಾದ್ದೂ ಇದೆ. ದನಗಳಿಗೆ ಕೊಡುವ ಐವರ್ಮೆಕ್ಟಿನ್‌ನಂಥ ಜಂತುನಾಶಕ ಸಗಣಿಯಲ್ಲಿ ಹೊರಬಂದು ಸಗಣಿ ಹುಳುಗಳ ಮರಿಗಳನ್ನು ಕೊಲ್ಲುತ್ತದೆ. ಮುಂದಿನ ಬಾರಿ ಔಷಧಿ ಹಾಕಿಸುವಾಗ, ಸಗಣಿ ಹುಳುವಿಗೆ ಕಡಿಮೆ ಹಾನಿ ಮಾಡುವುದು ಯಾವುದೆಂದು ಪಶುವೈದ್ಯರನ್ನು ದಯವಿಟ್ಟು ಕೇಳಿ.