ಬಲ್ಮಠದ ಪಾಠಶಾಲೆ

ಹುಳಿಮಾವಿನಿಂದ ಬನ್ನೇರುಘಟ್ಟ ರಸ್ತೆ ಹಿಡಿದು ಜಯನಗರದ ಕಡೆ ಹೊರಟರೆ ದಾರಿಯುದ್ದಕ್ಕೂ ಕಾಲೇಜುಗಳ ಜಾಹೀರಾತು. ಎಲ್ಲದರಲ್ಲೂ ಕ್ಯಾಂಪಸ್ಸಿನ ವಿಸ್ತೀರ್ಣ, ಪ್ಲೇಸ್‌ಮೆಂಟು, ಸಂಬಳದ ಪ್ಯಾಕೇಜು. ಅವನ್ನು ಓದುವಾಗಲೆಲ್ಲ ನನಗೆ ಮಂಗಳೂರಿನ ಬಲ್ಮಠ ನೆನಪಾಗುತ್ತದೆ.

ಅಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಬೇರು 1847ರ ಬಾಸೆಲ್ ಮಿಷನ್ ಸೆಮಿನರಿಯಲ್ಲಿದೆ. 1965ರಲ್ಲಿ ತುಮಕೂರಿನ ಸೆಮಿನರಿಯೂ ಅದರೊಂದಿಗೆ ಸೇರಿ ಈಗಿನ ಕಾಲೇಜಾಯಿತು. ಬಾಸೆಲ್ ಮಿಷನ್ನಿನಲ್ಲಿ ಲುಥೆರನ್ನರೂ ರಿಫಾರ್ಮ್ಡ್ ಪಂಥದವರೂ ಒಟ್ಟಿಗಿದ್ದರು. ಆ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ ಬಂದದ್ದು ಲುಥೆರನ್ ನಾಡಾದ ವ್ಯೂರ್ಟೆಂಬರ್ಗಿನಿಂದ. ಈ ಕಾಲೇಜಿನಲ್ಲಿ ಕೊಡುವ ಪದವಿ ಸೆರಾಂಪುರ ವಿಶ್ವವಿದ್ಯಾಲಯದ್ದು. ಸೆರಾಂಪುರಕ್ಕೆ ಪದವಿ ಕೊಡುವ ಹಕ್ಕಿನ ಮೂಲ ಲುಥೆರನ್ ರಾಜ್ಯವಾದ ಡೆನ್ಮಾರ್ಕಿನ ದೊರೆ 1827ರಲ್ಲಿ ಕೊಟ್ಟ ಸನ್ನದು. ಸಣ್ಣ ಸಂಸ್ಥೆಯ ನಂಟು ಎಷ್ಟು ದೂರದವರೆಗೆ ಹೋಗುತ್ತದೆ ನೋಡಿ.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಸನ್ನದಲ್ಲ, ಮೊಗ್ಲಿಂಗ್ ಅಚ್ಚು ಹಾಕಿಸಿದ ಪುಸ್ತಕಗಳು. ತಮ್ಮ ಧರ್ಮ ಸಾರಲು ಬಂದವರು ಜೈಮಿನಿ ಭಾರತವನ್ನು, ಬಸವಪುರಾಣವನ್ನು, ದಾಸರ ಪದಗಳನ್ನು ಹುಡುಕಿ ತೆಗೆದರು. 1848ರಿಂದ 1853ರವರೆಗೆ ಬಂದ ಆ ಮಾಲೆಗೆ ಬಿಬ್ಲಿಯೊಥಿಕಾ ಕರ್ನಾಟಿಕಾ ಎಂದು ಹೆಸರು. ಖರ್ಚು ಕೊಟ್ಟವರು ಮದರಾಸಿನ ಕಂಪನಿ ಸರ್ಕಾರದಲ್ಲಿ ಅಧಿಕಾರಿಯಾಗಿದ್ದ ಕಾಸಮೇಜರ್. ಆ ಪುಸ್ತಕಗಳು ಅಚ್ಚಾದದ್ದು ಕಲ್ಲಚ್ಚಿನಲ್ಲಿ; ಅದರಲ್ಲಿ ಮೊಳೆ ಜೋಡಿಸುವ ಕೆಲಸವಿಲ್ಲ. ಲಿಪಿಕಾರ ಜಿಡ್ಡಿನ ಮಸಿಯಲ್ಲಿ ಪುಟವನ್ನು ಕೈಯಾರೆ ಬರೆಯಬೇಕು, ಆ ಬರಹ ಕಲ್ಲಿನ ಮೇಲೆ ಇಳಿಯಬೇಕು. ಹಾಗಾಗಿ ಆ ಪುಸ್ತಕಗಳಲ್ಲಿ ಕಾಣುವುದು ಒಬ್ಬ ಮನುಷ್ಯನ ಅಕ್ಷರ: ಅವನ ಕೊಂಬು, ಅವನ ಒತ್ತು, ಸಾಲು ತುಂಬಿದಾಗ ಅವನು ಇಕ್ಕಟ್ಟಾಗಿಸಿ ಬರೆದ ಪದ.

ಅವರ ಮತಪ್ರಚಾರದ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯ ಇದ್ದೇ ಇದೆ, ಅದು ಸಹಜ. ಆದರೂ ಕಲಿಸಲು ಬಂದವರು ಮೊದಲು ಕಲಿಯಲು ಕೂತರು ಎಂಬುದು ನನ್ನ ಪಾಲಿಗೆ ದೊಡ್ಡ ಸಂಗತಿ. ವಿದ್ಯಾಸಂಸ್ಥೆಯೊಂದರ ಪರಂಪರೆ ಎಂದರೆ ಘಟಿಕೋತ್ಸವದ ನಿಲುವಂಗಿಗಿಂತ ಹೆಚ್ಚಾಗಿ ಈ ಅಭ್ಯಾಸ. ಆ ಮಿಷನ್ನಿನವರೇ ಆದ ಕಿಟ್ಟೆಲ್ 1853ರಲ್ಲಿ ಬಂದು, ಧಾರವಾಡ, ಮಂಗಳೂರು, ಮಡಿಕೇರಿ ಎಂದು ತಿರುಗಿ, 1872ರಲ್ಲಿ ಹಳಗನ್ನಡದ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣವನ್ನು ಸಂಪಾದಿಸಿ, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಕೊಟ್ಟರು. ಪದವೊಂದನ್ನು ಹುಡುಕಲು ಆ ನಿಘಂಟು ತೆರೆದವರಿಗೆ ಗಾದೆಯೊಂದು ಸಿಕ್ಕಿ, ಹುಡುಕುತ್ತಿದ್ದ ಪದ ಮರೆತೇಹೋಗುತ್ತದೆ.

ಈ ಕನ್ನಡದ ದುಡಿಮೆಗಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಮೊಗ್ಲಿಂಗರಿಗೆ 1858ರಲ್ಲಿ, ಕಿಟ್ಟೆಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅರ್ಹರಿಗೇ ಸಂದ ಗೌರವ, ಸಂತೋಷ. ಆದರೆ ಅವರ ಪಕ್ಕದಲ್ಲಿ ಕೂತು ಪದದ ಅರ್ಥ ಬಿಡಿಸಿದ ಪಂಡಿತರು, ಓಲೆಗರಿ ಓದಿ ಹೇಳಿದವರು, ಕಲ್ಲಚ್ಚಿಗೆ ಪುಟ ಬರೆದುಕೊಟ್ಟವರು ಕೂಡ ಆ ಪಾಠಶಾಲೆಯ ಮೇಷ್ಟರುಗಳೇ. ಬಲ್ಮಠದ ಚರಿತ್ರೆ ಹೇಳುವಾಗ ನಾನು ಅವರಿಂದಲೇ ಶುರುಮಾಡುತ್ತೇನೆ.