ಯಾರೂ ಆಡದ ಆಟವನ್ನು ಉಳಿಸುವುದೇಕೆ?

1984ರ ಜುಲೈಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನ ಇಮ್ಯಾಜಿನ್ ಸಾಫ್ಟ್‌ವೇರ್ ಕಂಪನಿ ದಿವಾಳಿಯೆದ್ದಿತು. ಅದು ಹುಟ್ಟಿದ್ದು 1982ರಲ್ಲಿ. ಮನೆಯ ಕಂಪ್ಯೂಟರುಗಳಿಗೆ ಆಟ ಬರೆದು ಕ್ಯಾಸೆಟ್ಟಿನಲ್ಲಿ ಮಾರಿ, ಅಷ್ಟರೊಳಗೇ ಸ್ಪೋರ್ಟ್ಸ್ ಕಾರುಗಳ ಮಟ್ಟಕ್ಕೆ ಏರಿ, ಅಷ್ಟೇ ಬೇಗ ಇಳಿಯಿತು. ಕೊನೆಯ ತಿಂಗಳುಗಳಲ್ಲಿ ಅದು ಎರಡು ‘ಮೆಗಾಗೇಮ್’ಗಳನ್ನು ಘೋಷಿಸಿತ್ತು: ಬ್ಯಾಂಡರ್‌ಸ್ನ್ಯಾಚ್ ಮತ್ತು ಸೈಕ್ಲ್ಯಾಪ್ಸ್. ಕಂಪ್ಯೂಟರಿನ ಮೆಮೊರಿ ಸಾಲದು ಎಂದು ಆಟದ ಜೊತೆಗೇ ಒಂದು ಹಾರ್ಡ್‌ವೇರ್ ಡಬ್ಬಿಯನ್ನೂ ಮಾರುವ ಯೋಜನೆ. ಬೆಲೆ ಮಾಮೂಲಿ ಆಟದ ಹಲವು ಪಟ್ಟು. ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಬಂತು. ಅದರಲ್ಲಿ ಆಟದ ಚಿತ್ರ ಇರಲಿಲ್ಲ, ಆಟ ಬರೆಯುತ್ತಿದ್ದ ಹುಡುಗರ ಫೋಟೋ ಇತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಯಶಸ್ಸಿನ ಕತೆ ಚಿತ್ರಿಸಲು ಬಂದಿದ್ದ ಬಿಬಿಸಿಯ ಕ್ಯಾಮೆರಾ ಮುಂದೆಯೇ ಜಪ್ತಿಯವರು ಬಂದರು. ‘ಕಮರ್ಷಿಯಲ್ ಬ್ರೇಕ್ಸ್’ ಎಂಬ ಆ ಸಾಕ್ಷ್ಯಚಿತ್ರ ಅದೇ ವರ್ಷದ ಕೊನೆಗೆ ಪ್ರಸಾರವೂ ಆಯಿತು. 2018ರಲ್ಲಿ ನೆಟ್‌ಫ್ಲಿಕ್ಸ್ ‘ಬ್ಲ್ಯಾಕ್ ಮಿರರ್’ ಸರಣಿಯಲ್ಲಿ ತಂದ ಸಿನಿಮಾ ‘ಬ್ಯಾಂಡರ್‌ಸ್ನ್ಯಾಚ್’ ಎಂಬ ತನ್ನ ಹೆಸರನ್ನು ಹೆಕ್ಕಿಕೊಂಡದ್ದು ಈ ಅವಶೇಷದಿಂದಲೇ.

ಬ್ಯಾಂಡರ್‌ಸ್ನ್ಯಾಚ್‌ನ ಕಲ್ಪನೆ ಬೇರೆ ಯಂತ್ರಗಳಿಗೆ ವಲಸೆ ಹೋಗಿ, ಬ್ರಟಾಕಾಸ್ ಎಂಬ ಹೆಸರಿನಲ್ಲಿ ಸಿಗ್ನೋಸಿಸ್ ಕಂಪನಿಯಿಂದ ಹೊರಬಂತು. ಸೈಕ್ಲ್ಯಾಪ್ಸ್‌ನದು ಹೆಸರಷ್ಟೇ ಉಳಿಯಿತು. ಅಂದರೆ, ಬಿಡುಗಡೆಯಾಗದ ಆಟ ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಬೇರೆ ಬೇರೆ ಜಾತಿಯ ಸರಕಿದೆ. ಜಾಹೀರಾತಿನಲ್ಲಷ್ಟೇ ಬದುಕಿದ್ದವು ಕೆಲವು. ಅರ್ಧಕ್ಕೆ ನಿಂತವು ಕೆಲವು. ನನಗೆ ಮುಖ್ಯವೆನಿಸುವುದು ಮೂರನೆಯವು: ಪೂರ್ತಿ ಮುಗಿದು, ಪರೀಕ್ಷೆಯೂ ಆಗಿ, ಅಂಗಡಿಯ ಮುಖ ಕಾಣದವು. ಕಮಡೋರ್ 64ಕ್ಕಾಗಿ ಸಿದ್ಧವಾಗಿದ್ದ ‘ಸೋಲಾರ್ ಜೆಟ್‌ಮ್ಯಾನ್’ ಹಾಗೆ ಒಳಗೇ ಉಳಿದದ್ದು. ತೊಂಬತ್ತರ ದಶಕದ ಆರಂಭದಲ್ಲಿ ಆ ಯಂತ್ರದ ಮಾರುಕಟ್ಟೆ ಒಣಗುತ್ತಿತ್ತು; ಕ್ಯಾಸೆಟ್ ನಕಲು ಮಾಡಿಸಿ, ಡಬ್ಬಿ ಮುದ್ರಿಸಿ ಹಾಕಿದ ದುಡ್ಡು ವಾಪಸು ಬರುವ ನಂಬಿಕೆ ಯಾರಿಗೂ ಇರಲಿಲ್ಲ. ಇಂಥ ಆಟಗಳನ್ನು ಹುಡುಕಿ ತೆಗೆಯುವುದನ್ನೇ ದಶಕಗಳಿಂದ ಮಾಡಿಕೊಂಡು ಬಂದಿರುವ ಫ್ರಾಂಕ್ ಗಾಸ್ಕಿಂಗ್ ಎಂಬ ಬ್ರಿಟಿಷ್ ಸಂಗ್ರಾಹಕರು 2020ರಲ್ಲಿ ಅವುಗಳ ಬಗ್ಗೆ ಒಂದು ದಪ್ಪ ಪುಸ್ತಕವನ್ನೇ ತಂದರು. ಹಳೆಯ ಪ್ರೋಗ್ರಾಮರುಗಳಿಗೆ ಪತ್ರ ಬರೆಯುವುದು, ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಲು ಅವರನ್ನು ಒಪ್ಪಿಸುವುದು, ಬಂದ ಡಿಸ್ಕನ್ನು ಓದಿಸುವುದು ಇವರ ಕೆಲಸ.

ಇದೆಲ್ಲ ಯಾಕೆ ಎಂದು ಕೇಳುವವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆಟವೆಂದರೆ ಆಡಿದಾಗ ಆಗುವಂಥದ್ದು. ಯಾರೂ ಆಡದ ಆಟಕ್ಕೆ ಸಂಸ್ಕೃತಿಯಲ್ಲಿ ಜಾಗವೆಲ್ಲಿದೆ? ಮೇಲಾಗಿ, ಇವುಗಳಲ್ಲಿ ಬಹುಪಾಲು ಸಾಧಾರಣವಾದವು. ಸಿಕ್ಕಾಗ ಸಂಭ್ರಮ, ಹತ್ತು ನಿಮಿಷ ಆಡಿದ ಮೇಲೆ ಆಕಳಿಕೆ. ಮಾರುಕಟ್ಟೆ ಬೇಡವೆಂದದ್ದನ್ನು ನಾವು ಮತ್ತೆ ಎತ್ತಿ ತರುವುದು ಹಳಹಳಿಕೆಯ ಚಟವಲ್ಲದೆ ಇನ್ನೇನು?

ಆಕಳಿಕೆಯ ಮಾತನ್ನು ಒಪ್ಪುತ್ತೇನೆ. ಆದರೆ ಮಾರುಕಟ್ಟೆ ಬೇಡವೆಂದಿತು ಎಂಬುದು ನಿಜವಲ್ಲ. ಈ ಆಟಗಳು ಮಾರುಕಟ್ಟೆಯನ್ನು ತಲುಪಲೇ ಇಲ್ಲ. ಬೇಡವೆಂದದ್ದು ಒಬ್ಬ ಲೆಕ್ಕಿಗ, ಒಂದು ಬ್ಯಾಂಕು, ಹಣ ಬಾಕಿ ಉಳಿಸಿಕೊಂಡ ಒಬ್ಬ ಹಂಚಿಕೆದಾರ. ಅವರ ತೀರ್ಮಾನ ವ್ಯಾಪಾರದ ದೃಷ್ಟಿಯಿಂದ ಸರಿಯೇ ಇರಬಹುದು. ಅದು ಕೃತಿಯ ಮೇಲಿನ ತೀರ್ಮಾನವಲ್ಲ. ಅಂಗಡಿಗೆ ಬಂದ ಆಟಗಳನ್ನಷ್ಟೇ ಇಟ್ಟುಕೊಂಡು ಬರೆದ ಚರಿತ್ರೆ ಅಂಗಡಿಗಳ ಚರಿತ್ರೆಯಾಗುತ್ತದೆ, ಆಟದ ಚರಿತ್ರೆಯಾಗುವುದಿಲ್ಲ. ಒಂದು ಕಾಲದ ಜನ ಏನನ್ನು ಮಾಡಲು ಹೊರಟಿದ್ದರು, ಎಲ್ಲಿ ಕೈಸೋತರು ಎಂಬುದು ಗೆದ್ದ ಕೃತಿಗಳಲ್ಲಿ ಕಾಣುವುದಿಲ್ಲ. ಗೆದ್ದದ್ದು ತನ್ನ ತಪ್ಪುಗಳನ್ನೆಲ್ಲ ಅಳಿಸಿಕೊಂಡೇ ಹೊರಗೆ ಬಂದಿರುತ್ತದೆ.

ಅಮೆರಿಕದ ಜೋರ್ಡನ್ ಮೆಕ್‌ನರ್ ಅವರ ‘ಕರಾಟೆಕಾ’ 1984ರಲ್ಲಿ ಬಂತು. ಪಾತ್ರದ ಚಲನೆಯಲ್ಲಿ ಸಿನಿಮಾದ ಬನಿ ತಂದ ಆಟವೆಂದು ಅದಕ್ಕೆ ಹೆಸರು. ಅದಕ್ಕೂ ಮೊದಲು, ಕಾಲೇಜು ವಿದ್ಯಾರ್ಥಿಯಾಗಿದ್ದಾಗ, ಅವರು ಆ್ಯಪಲ್ 2 ಯಂತ್ರಕ್ಕೆ ‘ಡೆತ್‌ಬೌನ್ಸ್’ ಎಂಬ ಆಟ ಬರೆದು ಬ್ರೋಡರ್‌ಬಂಡ್ ಸಂಸ್ಥೆಗೆ ಕಳಿಸಿದ್ದರು. ಸಂಸ್ಥೆ ಪ್ರಕಟಿಸಲಿಲ್ಲ. ಆ ಕಾಲದ ಆರ್ಕೇಡ್ ಆಟಗಳ ನೆರಳಲ್ಲೇ ಬೆಳೆದ, ಗುಂಡು ಹಾರಿಸುವ ಆಟ ಅದು. 2023ರಲ್ಲಿ ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆ ‘ದ ಮೇಕಿಂಗ್ ಆಫ್ ಕರಾಟೆಕಾ’ ಎಂಬ ಆಡಬಲ್ಲ ದಾಖಲೆ ಹೊರತಂದಾಗ, ಡೆತ್‌ಬೌನ್ಸಿನ ಹಳೆಯ ಕರಡು ರೂಪಗಳನ್ನೂ ಆಗಿನ ಪತ್ರಗಳನ್ನೂ ಅದರಲ್ಲಿ ಸೇರಿಸಿತು. ಡೆತ್‌ಬೌನ್ಸನ್ನು ಆಡಿ ಕರಾಟೆಕಾಕ್ಕೆ ಬಂದವರಿಗೆ ಒಬ್ಬ ಹುಡುಗ ಅನುಕರಣೆಯಿಂದ ಸ್ವಂತಕ್ಕೆ ದಾಟಿದ ಜಾಗ ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾಗುತ್ತದೆ. ಆಟ ಸಾಧಾರಣವಾಗಿದ್ದುದರಿಂದಲೇ ಅದು ಸ್ಪಷ್ಟವಾಗುತ್ತದೆ.

ಆದರೆ ಇಲ್ಲೊಂದು ಪ್ರಶ್ನೆಯಿದೆ. ಮೆಕ್‌ನರ್ ಒಪ್ಪಿದರು, ತಾವೇ ಮುಂದೆ ನಿಂತು ಕೊಟ್ಟರು. ಒಪ್ಪದವರ ಕತೆಯೇನು? ಹದಿನೇಳರ ವಯಸ್ಸಿನಲ್ಲಿ ಬರೆದದ್ದನ್ನು ಐವತ್ತೇಳರಲ್ಲಿ ಯಾರೋ ಬಂದು ಜಗತ್ತಿನ ಮುಂದೆ ಹರಡುತ್ತೇನೆಂದರೆ ಬೇಡವೆನ್ನುವ ಹಕ್ಕು ಬರೆದವನಿಗೆ ಇದೆಯಲ್ಲ? ಕವಿ ಕರಡು ಹರಿದು ಎಸೆಯುವುದನ್ನು ನಾವು ಅಪರಾಧ ಎನ್ನುವುದಿಲ್ಲ.

ಇಲ್ಲಿ ‘ಬೇಡ’ ಅಂದವರು ಯಾರು ಎಂದು ಬಿಡಿಸಿ ನೋಡಬೇಕು. ಬರೆದವನೇ ಬೇಡವೆಂದಿದ್ದರೆ, ಅವನು ಬದುಕಿರುವವರೆಗೆ ಅದನ್ನು ಗೌರವಿಸಬೇಕು, ಚೌಕಾಶಿಯಿಲ್ಲ. ಕಂಪನಿ ಬೇಡವೆಂದಿದ್ದರೆ ಆ ‘ಬೇಡ’ಕ್ಕೆ ಅಂಥ ಪಾವಿತ್ರ್ಯವೇನಿಲ್ಲ. ಎಂಬತ್ತರ ದಶಕದ ಮನೆ ಕಂಪ್ಯೂಟರ್ ಆಟಗಳಲ್ಲಿ ಎರಡನೆಯದೇ ಹೆಚ್ಚು. ಹುಡುಗರು ರಾತ್ರಿಯೆಲ್ಲ ಕೂತು ಮುಗಿಸಿಕೊಟ್ಟರು, ಕಂಪನಿ ಮುಚ್ಚಿತು, ಹಲವರಿಗೆ ಸಂಬಳವೂ ಸಿಗಲಿಲ್ಲ. ಇಂಥಲ್ಲಿ ಆಟವನ್ನು ಹೊರತೆಗೆಯುವುದೆಂದರೆ ಬರೆದವನ ಇಚ್ಛೆಯನ್ನು ತಡವಾಗಿ ನೆರವೇರಿಸಿದ ಹಾಗೆ.

ಹೊರತೆಗೆಯುವುದು ಅಂದರೆ ಏನು ಎಂಬುದನ್ನು ಹತ್ತಿರದಿಂದ ನೋಡಬೇಕು. ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಕಂಪ್ಯೂಟರು ಆಟಗಳನ್ನು ಮಾಮೂಲಿ ಟೇಪ್ ರೆಕಾರ್ಡರಿನಿಂದ ಓದುತ್ತಿತ್ತು. ಟೇಪಿನಲ್ಲಿ ಇದ್ದದ್ದು ಕಿವಿ ಕೊರೆಯುವ ಕಿರುಚಾಟ. ಅದರೊಳಗೆ ಗಿಡ್ಡ ಅಲೆಯೆಂದರೆ ಸೊನ್ನೆ, ಅದರ ಎರಡರಷ್ಟು ಉದ್ದದ ಅಲೆಯೆಂದರೆ ಒಂದು. ಪ್ರತಿ ತುಂಡಿನ ಕೊನೆಗೆ ಒಂದು ತಾಳೆ ಬೈಟು ಇರುತ್ತದೆ. ಹಿಂದಿನ ಬೈಟುಗಳನ್ನೆಲ್ಲ ಒಂದು ಲೆಕ್ಕದಲ್ಲಿ ಸೇರಿಸಿದರೆ ಅದಕ್ಕೆ ಹೊಂದಬೇಕು. ಹೊಂದದಿದ್ದರೆ ಟೇಪ್ ಲೋಡಿಂಗ್ ಎರರ್. ಆ ಕಾಲದ ಮಕ್ಕಳು ಇದಕ್ಕೆ ಅತ್ತದ್ದುಂಟು.

ಈಗ ನಲವತ್ತು ವರ್ಷದ ಟೇಪೊಂದು ಕೈಗೆ ಬಂತೆನ್ನಿ. ಎಲ್ಲೋ ಸುಕ್ಕಾಗಿ ಒಂದು ಅಲೆ ಕೆಟ್ಟಿದೆ, ಲೆಕ್ಕ 128ರಷ್ಟು ತಪ್ಪುತ್ತಿದೆ. ಅಂದರೆ ಯಾವುದೋ ಬೈಟಿನ ಅತಿ ದೊಡ್ಡ ಬಿಟ್ಟು ತಿರುಗಿಕೊಂಡಿದೆ ಎಂದು ಗೊತ್ತಾಯಿತು, ಸಾವಿರಾರು ಬೈಟುಗಳಲ್ಲಿ ಯಾವುದು ಎಂದು ಗೊತ್ತಾಗುವುದಿಲ್ಲ. ಆಗ ಓದುವವನು ಪ್ರೋಗ್ರಾಮನ್ನೇ ಓದಬೇಕು. ಒಂದು ಕಡೆ 73 ಎಂಬ ಸಂಖ್ಯೆ ಕಾಣುತ್ತದೆ. ಆ ಯಂತ್ರದ ಝಡ್ 80 ಚಿಪ್ಪಿಗೆ 73 ಅಂದರೆ ‘ಸಿ ಎಂಬ ಖಾನೆಯಲ್ಲಿರುವುದನ್ನು ಸಿ ಖಾನೆಗೇ ಹಾಕು’ ಎಂದು. ಯಾರು ತಾನೇ ಹಾಗೆ ಬರೆಯುತ್ತಾರೆ? 73ಕ್ಕೆ 128 ಕೂಡಿಸಿದರೆ 201. ಅದು ‘ಕರೆದ ಜಾಗಕ್ಕೆ ಮರಳು’ ಎಂಬ ಆಜ್ಞೆ, ಪ್ರೋಗ್ರಾಮಿನ ಉಪಭಾಗವೊಂದು ಮುಗಿಯುವಲ್ಲಿ ಬರಲೇಬೇಕಾದದ್ದು. ತಿದ್ದಿದರೆ ಲೆಕ್ಕ ಕೂಡುತ್ತದೆ, ಆಟ ಓಡುತ್ತದೆ.

ಓಲೆಗರಿಯಲ್ಲಿ ಹುಳ ತಿಂದ ಅಕ್ಷರವನ್ನು ಛಂದಸ್ಸಿನ ಆಧಾರದ ಮೇಲೆ ತುಂಬುವ ಸಂಪಾದಕ ಮಾಡುವುದೂ ಇದನ್ನೇ. ಕನ್ನಡದಲ್ಲಿ ಈ ವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಿದವರಿಗೆ ಇಲ್ಲಿನ ಅಪಾಯವೂ ಗೊತ್ತಿರುತ್ತದೆ. ಊಹಿಸಿ ತುಂಬಿದ್ದು ಸರಿಯಾಗಿ ಕೂರುತ್ತದೆ ಎಂದ ಮಾತ್ರಕ್ಕೆ ಅದು ಮೂಲವಾಗುವುದಿಲ್ಲ. ಸಂಪಾದಕ ತಾನು ತಿದ್ದಿದ್ದು ಎಲ್ಲಿ ಎಂದು ಅಡಿಯಲ್ಲಿ ಬರೆದಿಡುತ್ತಾನೆ, ಪ್ರತಿಯಲ್ಲಿದ್ದ ಪಾಠವನ್ನೂ ಕೊಡುತ್ತಾನೆ. ಆಟ ಉಳಿಸುವವರಲ್ಲಿ ಒಳ್ಳೆಯವರು ಹಾಗೇ ಮಾಡುತ್ತಾರೆ: ಟೇಪಿನ ಸದ್ದನ್ನು, ಡಿಸ್ಕಿನ ಕಾಂತಕ್ಷೇತ್ರದ ಏರಿಳಿತವನ್ನು ಇದ್ದ ಹಾಗೇ ಒಂದು ಕಡತದಲ್ಲಿಟ್ಟು, ತಿದ್ದಿದ ಪ್ರತಿಯನ್ನು ಬೇರೆಯಾಗಿ ಇಡುತ್ತಾರೆ. ಅವಸರದವರು ಓಡುವ ಪ್ರತಿಯೊಂದನ್ನು ಹಂಚಿ ಮೂಲವನ್ನು ಬಿಸಾಡುತ್ತಾರೆ. ಕಳೆದುಹೋದದ್ದಕ್ಕಿಂತ ಇಂಥ ‘ಉಳಿದದ್ದು’ ಒಮ್ಮೊಮ್ಮೆ ಹೆಚ್ಚು ಹಾನಿ ಮಾಡುತ್ತದೆ, ಯಾಕೆಂದರೆ ಮತ್ತೆ ಯಾರೂ ಹುಡುಕುವುದಿಲ್ಲ.

ಕಾನೂನಿನ ಕತೆ ಇನ್ನೂ ವಿಚಿತ್ರ. ಬ್ರಿಟನ್ 1985ರಲ್ಲಿ ಕಂಪ್ಯೂಟರ್ ಪ್ರೋಗ್ರಾಮಿಗೆ ಸಾಹಿತ್ಯಕೃತಿಗೆ ಸಿಗುವ ರಕ್ಷಣೆ ಕೊಟ್ಟಿತು. ಈಗ ಅಲ್ಲಿ ಆ ರಕ್ಷಣೆ ಬರೆದವನು ಸತ್ತು 70 ವರ್ಷದವರೆಗೆ. ಪ್ರೋಗ್ರಾಮನ್ನು ಸಾಹಿತ್ಯಕೃತಿಯ ಸಾಲಿನಲ್ಲೇ ಇಡುವ ನಮ್ಮ ಕಾಯಿದೆಯಲ್ಲಿ 60 ವರ್ಷ. 1984ರಲ್ಲಿ ಹದಿನೆಂಟು ವರ್ಷದವನಾಗಿದ್ದ ಹುಡುಗ ಎಂಬತ್ತರವರೆಗೆ ಬದುಕಿದರೆ, ಅವನ ಆಟ ಸಾರ್ವಜನಿಕ ಸ್ವತ್ತಾಗುವುದು 2116ರ ಕೊನೆಗೆ. ಡಿಸ್ಕಿನ ಕಬ್ಬಿಣದ ಆಕ್ಸೈಡ್ ಅಷ್ಟು ಕಾಲ ಕಾಯುವುದಿಲ್ಲ. ಆ ಹೊತ್ತಿಗೆ ಹಕ್ಕು ಮುಗಿದಿರುತ್ತದೆ, ವಸ್ತು ಇರುವುದಿಲ್ಲ. ಹಕ್ಕು ಯಾರ ಕೈಲಿದೆ ಎಂಬುದೂ ಅನೇಕ ಸಲ ಯಾರಿಗೂ ತಿಳಿಯದು: ಕಂಪನಿ ಮುಚ್ಚಿ, ಹೆಸರು ಒಬ್ಬರಿಗೆ ಮಾರಾಟವಾಗಿ, ಸಾಲ ಇನ್ನೊಬ್ಬರ ಪಾಲಾಗಿರುತ್ತದೆ. ಇಮ್ಯಾಜಿನ್ ಎಂಬ ಹೆಸರನ್ನು ಕೊಂಡದ್ದು ಅದೇ ಸಾಕ್ಷ್ಯಚಿತ್ರದಲ್ಲಿ ಕಾಣುವ ಪ್ರತಿಸ್ಪರ್ಧಿ ಓಷನ್ ಕಂಪನಿ. ಬಿಡುಗಡೆಯಾದ ಆಟಗಳ ಪಾಡೇ ನೆಟ್ಟಗಿಲ್ಲ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ. 87ರಷ್ಟು ಇಂದು ಕೊಳ್ಳಲು ಸಿಗುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರ ಅಧ್ಯಯನದಲ್ಲಿ ಹೇಳಿತು. ಬಿಡುಗಡೆಯೇ ಆಗದ್ದನ್ನು ಕೇಳುವವರು ಯಾರು?

ಇದರ ನಡುವೆ ಒಂದು ಮುಜುಗರದ ಸತ್ಯವಿದೆ: ಇವುಗಳಲ್ಲಿ ಎಷ್ಟೋ ಉಳಿದದ್ದು ಕಳ್ಳರ ದಯೆಯಿಂದ. ವಿಮರ್ಶೆಗೆಂದು ಪತ್ರಿಕೆಗೆ ಹೋದ ಪ್ರತಿ ಯಾರದೋ ಕೈಗೆ ಸಿಕ್ಕಿ, ಬೀಗ ಮುರಿದು, ಊರಿಂದೂರಿಗೆ ಅಂಚೆಯಲ್ಲಿ ನಕಲಾಗಿ ಹೋಯಿತು. ಕಂಪನಿಯ ಬೀರುವಿನಲ್ಲಿದ್ದ ಮೂಲ ಕಸವಾಯಿತು, ಕದ್ದ ಪ್ರತಿ ಬದುಕಿತು. ಇದರಿಂದ ಕಳವು ಧರ್ಮವಾಗುವುದಿಲ್ಲ. ಆದರೆ ಒಂದೇ ಪ್ರತಿ ಇಟ್ಟುಕೊಂಡು ಬೀಗ ಹಾಕುವುದು ರಕ್ಷಣೆಯಲ್ಲ ಎಂಬುದಂತೂ ಖಚಿತವಾಗುತ್ತದೆ.

ಹಾಗಾಗಿ ನನ್ನ ವಾದ ಇಷ್ಟು. ಉಳಿಸುವುದು ಬೇರೆ, ಪ್ರಕಟಿಸುವುದು ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ಜಗಳವೆಲ್ಲ ಹುಟ್ಟಿದೆ. ಉಳಿಸುವುದಕ್ಕೆ ಗಡುವಿದೆ, ಅದನ್ನು ಟೇಪಿನ ಬೂಷ್ಟು ನಿಗದಿ ಮಾಡುತ್ತದೆ. ಪ್ರಕಟಿಸುವುದಕ್ಕೆ ಯಾವ ಗಡುವೂ ಇಲ್ಲ. ಬರೆದವನು ಮನಸ್ಸು ಬದಲಿಸುವವರೆಗೆ, ಹಕ್ಕಿನ ಗಂಟು ಬಿಚ್ಚುವವರೆಗೆ ಕಾಯಬಹುದು. ಯಾರ ಅನುಮತಿಗೂ ಕಾಯದೆ ಈಗಲೇ ನಕಲು ತೆಗೆಯಬೇಕು, ಅನುಮತಿಯಿಲ್ಲದೆ ಹಂಚಬಾರದು. ಒಮ್ಮೆ ನಕಲಾದದ್ದು ಸೋರಿಯೇ ಸೋರುತ್ತದೆ ಎನ್ನುವವರಿದ್ದಾರೆ. ಸೋರಬಹುದು. ಸೋರಿದ್ದಕ್ಕೆ ಕ್ಷಮೆ ಕೇಳಬಹುದು, ಅಳಿದದ್ದಕ್ಕೆ ಏನು ಕೇಳುವುದು?

ಎಷ್ಟೇ ಮಾಡಿದರೂ ಪೂರ್ತಿ ಮರಳಿ ಬಾರದ್ದೂ ಒಂದಿದೆ. ಮಾರಾಟವಾದ ಆಟದ ಸುತ್ತ ಶಾಲೆಯ ಜಗಲಿಯ ಮಾತು ಬೆಳೆದಿತ್ತು: ಮೂರನೇ ಹಂತ ದಾಟುವುದು ಹೇಗೆ, ಗುಟ್ಟಿನ ಬಾಗಿಲು ಎಲ್ಲಿದೆ, ಯಾರ ಅಣ್ಣ ಮುಗಿಸಿದನಂತೆ. ಬಿಡುಗಡೆಯಾಗದ ಆಟದ ಮೂರನೇ ಹಂತದಲ್ಲಿ ಯಾವ ಮಗುವೂ ಸಿಕ್ಕಿಬಿದ್ದಿಲ್ಲ. ಇಂದು ಅದನ್ನು ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರಿನಲ್ಲಿ ಆಡುವವರು ಅರವತ್ತರ ಹತ್ತಿರದವರು, ತಾವು ಹುಡುಗರಾಗಿದ್ದಾಗ ಹೇಗೆ ಆಡುತ್ತಿದ್ದೆವು ಎಂದು ನಟಿಸಿಕೊಂಡು ಆಡುತ್ತಾರೆ. ಅದರಲ್ಲೇನೂ ತಪ್ಪಿಲ್ಲ, ಆದರೆ ಅದನ್ನೇ ಪುನರ್ಜನ್ಮ ಎನ್ನುವುದು ಅತಿಯಾಯಿತು. ಉಳಿದಿರುವುದು ದಾಖಲೆ. ದಾಖಲೆಯಾಗಿಯೇ ಅದಕ್ಕೆ ಬೆಲೆಯಿದೆ.

ನಮ್ಮಲ್ಲಿಯೂ 1984ರಲ್ಲೇ ಕೇಂದ್ರ ಸರಕಾರ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ಕೊಡಲು ಶುರುಮಾಡಿತ್ತು. ಅವುಗಳ ಮುಂದೆ ಕೂತ ಮೇಷ್ಟ್ರುಗಳೂ ಮಕ್ಕಳೂ ಏನಾದರೂ ಬರೆದೇ ಇರಬೇಕು. ಆಮೇಲೆ ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಕನ್ನಡದ ಎಷ್ಟೋ ಹಸ್ತಪ್ರತಿಗಳು ಫ್ಲಾಪಿಗೆ ಸೇರಿದವು. ನಿಮ್ಮ ಮನೆಯಲ್ಲೋ ಶಾಲೆಯಲ್ಲೋ ಅಂಥದ್ದೊಂದು ಪೆಟ್ಟಿಗೆ ಇದ್ದರೆ ಗುಜರಿಗೆ ಹಾಕಬೇಡಿ. ಕುತೂಹಲಕ್ಕೆಂದು ಹಳೆಯ ಡ್ರೈವಿಗೆ ತುರುಕಿಯೂ ನೋಡಬೇಡಿ, ಬೂಷ್ಟು ಹಿಡಿದ ಡಿಸ್ಕಿನ ಮೇಲ್ಮೈಯನ್ನು ಓದುವ ಹೆಡ್ಡೇ ಕೆರೆದುಬಿಡಬಹುದು. ಒಣ ಜಾಗದಲ್ಲಿ, ಸ್ಪೀಕರಿನಿಂದ ದೂರ ಇಡಿ. ಯಾರು ಬರೆದದ್ದು, ಯಾವ ಯಂತ್ರದ್ದು, ಯಾವ ಇಸವಿ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಆಮೇಲೆ ಹಳೆಯ ಡಿಸ್ಕುಗಳನ್ನು ಓದಿಸಬಲ್ಲ ಒಬ್ಬರನ್ನು ಹುಡುಕಿ, ಮೊದಲು ನಕಲು ತೆಗೆಸಿ. ಒಳಗೆ ಏನಿದೆ, ಅದನ್ನು ಯಾರಿಗೆ ತೋರಿಸಬೇಕು ಎಂಬುದನ್ನು ನಿಧಾನವಾಗಿ ಯೋಚಿಸಬಹುದು.