ಇಡಬೇಕಾದದ್ದು, ಅಳಿಸಬೇಕಾದದ್ದು

ಕಳೆದ ಮಳೆಗಾಲದಲ್ಲಿ ಕಡಬದ ಕಡೆಯ ಒಂದು ಮನೆಗೆ ಪ್ರಾರ್ಥನೆಗೆಂದು ಹೋಗಿದ್ದೆ. ಮನೆಯ ಯಜಮಾನರು ಕೆಲವು ದಿನಗಳ ಹಿಂದೆ ಹಠಾತ್ತನೆ ತೀರಿಕೊಂಡಿದ್ದರು. ಅಡಿಕೆ ತೋಟ, ಸ್ವಲ್ಪ ರಬ್ಬರು. ಇದ್ದುದರಲ್ಲಿ ಅಚ್ಚುಕಟ್ಟಾಗಿ ಬಾಳಿದವರು. ಲೆಕ್ಕದಲ್ಲಂತೂ ಬಹಳ ಶಿಸ್ತು. ಹಿಂದೆ ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದವರು, ಮಗ ಹೊಸ ಮೊಬೈಲು ತಂದುಕೊಟ್ಟ ಮೇಲೆ ಎಲ್ಲವನ್ನೂ ಅದರೊಳಗಿನ ಟಿಪ್ಪಣಿ ಆ್ಯಪ್‌ನಲ್ಲಿ ಬರೆದಿಡತೊಡಗಿದ್ದರು. ಯಾರಿಗೆ ಎಷ್ಟು ಸಾಲ ಕೊಟ್ಟದ್ದು, ಯಾರ ಕೂಲಿ ಎಷ್ಟು ಬಾಕಿ, ಅಡಿಕೆ ಯಾವಾಗ ಎಷ್ಟು ಕೊಟ್ಟದ್ದು, ಎಲ್ಲವೂ ಅದರಲ್ಲೇ.

ಈಗ ಆ ಮೊಬೈಲಿನ ಗುಪ್ತ ಸಂಖ್ಯೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಡಿಕೆಗೆ ಮದ್ದು ಬಿಡುವ ಕೆಲಸಗಾರನೊಬ್ಬ ಬಂದು, "ಬಾಯಮ್ಮಾ, ಎರಡು ವಾರದ ಕೂಲಿ ಬಾಕಿ ಉಂಟು" ಎಂದನಂತೆ. ಅವರು ಮರುಮಾತಾಡದೆ ಕೊಟ್ಟರು. ಪ್ರಾರ್ಥನೆ ಮುಗಿದ ಮೇಲೆ ನನ್ನೊಡನೆ ಹೇಳಿದರು: "ಫಾದರ್, ಅವನು ಸುಳ್ಳು ಹೇಳುವವನಲ್ಲ ಎಂದು ಕೊಟ್ಟೆ. ಆದರೆ ಇವರು ಕೊಡಬೇಕಾದವರು ಇನ್ನೂ ಯಾರಾದರೂ ಇದ್ದು, ಕೇಳಲು ನಾಚಿ ಸುಮ್ಮನೆ ಕೂತಿದ್ದರೆ? ಆ ಋಣ ಇವರ ಮೇಲೆ ಉಳಿಯುವುದಿಲ್ಲವೇ?"

ತನಗೆ ಬರಬೇಕಾದ ಹಣದ ಬಗ್ಗೆ ಆ ತಾಯಿ ಒಂದು ಮಾತೂ ಆಡಲಿಲ್ಲ. ಗಂಡ ಕೊಡಬೇಕಾದದ್ದರ ಚಿಂತೆ ಮಾತ್ರ ಅವರಿಗಿತ್ತು. ಆ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ಮನೆಗೆ ಮರಳಿದೆ.

ವಿಚಿತ್ರವೆಂದರೆ, ಅದೇ ವಾರ ನನ್ನ ಮೊಬೈಲೂ ಒಂದು ಸೂಚನೆ ಕೊಟ್ಟಿತು: ಜಾಗ ತುಂಬಿದೆ. ನಾನೂ ಹತ್ತು ವರ್ಷಗಳಿಂದ ಪ್ರಬೋಧನೆಯ ವಿಚಾರಗಳು, ಸಭೆಯ ನಿರ್ಣಯಗಳು, ಮನೆಭೇಟಿಯ ವಿವರಗಳನ್ನು ಇಂಥದೇ ಆ್ಯಪ್‌ನಲ್ಲಿ ತುಂಬಿದವನು. ಯಾವುದನ್ನು ಅಳಿಸುವುದು, ಯಾವುದರ ಪ್ರತಿ ತೆಗೆದಿಡುವುದು ಎಂದು ಕುಳಿತು ನೋಡಿದಾಗ, ಇದು ಬರೇ ಯಂತ್ರದ ಪ್ರಶ್ನೆಯಲ್ಲ, ಆತ್ಮಸಾಕ್ಷಿಯ ಪ್ರಶ್ನೆಯೂ ಹೌದು ಎಂದು ತೋರಿತು.

ಮೊದಲು ಯಂತ್ರದ ಸಂಗತಿಯನ್ನೇ ತಿಳಿಯೋಣ. ಅಕ್ಷರಗಳು ಹಿಡಿಯುವ ಜಾಗ ಬಹಳ ಕಡಿಮೆ. ಒಂದು ಕನ್ನಡ ಅಕ್ಷರ ಚಿಹ್ನೆಗೆ 3 ಬೈಟು ಬೇಕು. ಸಾವಿರ ಚಿಹ್ನೆಗಳ ಒಂದು ಟಿಪ್ಪಣಿಗೆ ಸುಮಾರು 3 ಕೆಬಿ ಸಾಕು. ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೋ 3 ಎಂಬಿ ಇದ್ದರೆ, ಅದು ಅಂಥ ಸಾವಿರ ಟಿಪ್ಪಣಿಗಳ ಜಾಗವನ್ನು ತಿನ್ನುತ್ತದೆ. ನಮ್ಮ ಟಿಪ್ಪಣಿಗಳನ್ನು ಭಾರವಾಗಿಸುವುದು ಬರಹವಲ್ಲ. ಅದಕ್ಕೆ ಅಂಟಿಸಿದ ಫೋಟೋ, ಧ್ವನಿಮುದ್ರಣ, ಆಮಂತ್ರಣ ಪತ್ರಿಕೆಗಳು.

ಎರಡನೆಯ ಸಂಗತಿ, ಹೆಚ್ಚಿನವರು ತಪ್ಪು ತಿಳಿದಿರುವುದು. ಮೊಬೈಲಿನಲ್ಲಿ ಬರೆದದ್ದು ಕಂಪ್ಯೂಟರಿನಲ್ಲೂ ತಾನಾಗಿ ಕಾಣಿಸುತ್ತದೆ ಎಂದ ಮಾತ್ರಕ್ಕೆ ಎರಡು ಪ್ರತಿಗಳಿವೆ ಎಂದು ನಂಬಬಾರದು. ಅದು ಒಂದೇ ಬರಹವನ್ನು ಎರಡು ಕಿಟಕಿಗಳಿಂದ ನೋಡಿದಂತೆ. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ. ಬ್ಯಾಕಪ್ ಎಂದರೆ ಬೇರೆಯಾಗಿ ತೆಗೆದಿಟ್ಟ ಪ್ರತಿ. ಈ ಕೆಲಸ ಬಲ್ಲವರು ಸರಳ ಸೂತ್ರವೊಂದನ್ನು ಹೇಳುತ್ತಾರೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಮನೆಯ ಹೊರಗೆ.

ಮೂರನೆಯದಾಗಿ, ಇನ್ನೊಬ್ಬರ ಉಗ್ರಾಣದಲ್ಲಿ ಇಟ್ಟದ್ದಕ್ಕೆ ಅವರ ನಿಯಮವೇ ಅನ್ವಯ. ಗೂಗಲ್ ಸಂಸ್ಥೆ 2013ರಲ್ಲಿ ಒಬ್ಬೊಬ್ಬರಿಗೆ ಒಟ್ಟು 15 ಜಿಬಿ ಜಾಗವನ್ನು ಉಚಿತವಾಗಿ ಕೊಟ್ಟಿತು. 2021ರ ಜೂನ್ 1ರಿಂದ ಹೊಸ ಫೋಟೋಗಳನ್ನೂ ಅದರ ಲೆಕ್ಕಕ್ಕೇ ಸೇರಿಸಿತು. ಎವರ್‌ನೋಟ್ ಎಂಬ ಹೆಸರಾಂತ ಟಿಪ್ಪಣಿ ಆ್ಯಪ್ 2023ರ ಡಿಸೆಂಬರಿನಲ್ಲಿ, ಹಣ ಕೊಡದೆ ಬಳಸುವವರಿಗೆ 50 ಟಿಪ್ಪಣಿಗಳ ಮಿತಿ ಹಾಕಿತು. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ಅಳಿಸಬಹುದೆಂದು 2023ರಲ್ಲಿ ಗೂಗಲ್ ಪ್ರಕಟಿಸಿತು. ತೀರಿಕೊಂಡವರ ಖಾತೆಯನ್ನು ಯಾರು ಮುಟ್ಟುತ್ತಾರೆ? ಕಡಬದ ಆ ಮನೆಯವರಿಗೆ ಇದನ್ನೂ ಹೇಳಬೇಕಾಯಿತು.

ಪ್ರಿಯ ಓದುಗರೇ, ಪ್ರತಿ ತೆಗೆದಿಡುವ ಎಚ್ಚರ ಹೊಸತೇನಲ್ಲ. ಪ್ರವಾದಿ ಯೆರೆಮೀಯನು ಹೊಲವೊಂದನ್ನು ಕೊಂಡಾಗ ಕ್ರಯಪತ್ರ ಎರಡಿದ್ದವು: ಮುದ್ರೆ ಹಾಕಿದ ಒಂದು, ತೆರೆದಿಟ್ಟ ಇನ್ನೊಂದು. ಬಹುಕಾಲ ಉಳಿಯಲೆಂದು ಅವೆರಡನ್ನೂ ಮಣ್ಣಿನ ಪಾತ್ರೆಯಲ್ಲಿ ಇಡಿಸಿದನು. ಜೆರುಸಲೇಮಿಗೆ ಶತ್ರುಗಳು ಮುತ್ತಿಗೆ ಹಾಕಿದ್ದ ಕಾಲ ಅದು. ಎಲ್ಲವೂ ಕಳೆದುಹೋಗುವ ಹೊತ್ತಿನಲ್ಲೂ ಮುಂದಿನವರ ಹಕ್ಕಿನ ಕಾಗದ ಉಳಿಯಬೇಕೆಂಬುದು ಅವನ ನಂಬಿಕೆ.

ಧರ್ಮಸಭೆಯ ಕಾನೂನು ಕೂಡ ಇದೇ ದಾರಿಯಲ್ಲಿ ನಡೆದಿದೆ. 1917ರ ಸಂಹಿತೆಯ 470ನೇ ವಿಧಿಯಂತೆ, ಜ್ಞಾನಸ್ನಾನ, ವಿವಾಹ, ಮರಣ ಮುಂತಾದ ದಾಖಲೆ ಪುಸ್ತಕಗಳ ಅಧಿಕೃತ ಪ್ರತಿಯನ್ನು ವಿಚಾರಣಾ ಗುರುಗಳು ಪ್ರತಿ ವರ್ಷದ ಕೊನೆಗೆ ಧರ್ಮಾಧ್ಯಕ್ಷರ ಕಚೇರಿಗೆ ಕಳುಹಿಸಬೇಕಿತ್ತು. ಮನೆಯ ಹೊರಗಿನ ಪ್ರತಿ ಎಂದರೆ ಇದೇ ಅಲ್ಲವೇ? ಈಗಿನ 1983ರ ಸಂಹಿತೆಯ 535ನೇ ವಿಧಿಯೂ ಧರ್ಮಕೇಂದ್ರದ ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಲು ಹೇಳುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲದ ಗುಡ್ಡ ಕುಸಿದು, ಅಲ್ಲಿನ ಜನ ಸುಳ್ಯ ತಾಲೂಕಿನ ಪರಿಹಾರ ಶಿಬಿರಗಳಿಗೆ ಬಂದದ್ದನ್ನು ನಾವು ಮರೆತಿಲ್ಲ. ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಓಡುವವನಿಗೆ ಕಾಗದಪತ್ರ ಹುಡುಕಲು ಸಮಯವಿರುವುದಿಲ್ಲ. ಬೇರೆ ಕಡೆ ಒಂದು ಪ್ರತಿ ಇದ್ದವನಿಗೆ ಅಷ್ಟರಮಟ್ಟಿಗಾದರೂ ಸಮಾಧಾನ.

ಹಾಗಾದರೆ ಎಲ್ಲವನ್ನೂ ಇಡೋಣವೇ? ಜಾಗ ಕೊಂಡರಾಯಿತು, ಅಳಿಸುವ ತಂಟೆಯೇ ಬೇಡ ಎನ್ನೋಣವೇ? ನನ್ನ ಮೊಬೈಲಿನಲ್ಲಿ ಸಿಕ್ಕ ಒಂದು ಟಿಪ್ಪಣಿ ನನ್ನನ್ನು ಅಲ್ಲಿ ತಡೆದು ನಿಲ್ಲಿಸಿತು.

ಒಂಬತ್ತು ವರ್ಷ ಹಿಂದೆ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ ಬರೆದದ್ದು. ಅಣ್ಣತಮ್ಮಂದಿರಿಬ್ಬರ ನಡುವೆ ಜಾಗದ ಪಾಲಿನ ಜಗಳ. ರಾಜಿ ಮಾಡಿಸಲು ಹೋದಾಗ ಅಣ್ಣನು ತಮ್ಮನ ಬಗ್ಗೆ, ತಮ್ಮನ ಹೆಂಡತಿಯ ಬಗ್ಗೆ ಸಿಟ್ಟಿನಲ್ಲಿ ಆಡಿದ ಮಾತುಗಳನ್ನು ಮರೆಯಬಾರದೆಂದು ಬರೆದಿಟ್ಟಿದ್ದೆ. ಪಾಲು ಆಯಿತು, ನೋಂದಣಿಯೂ ಆಯಿತು. ಆಮೇಲೆ ಅವರು ಒಂದಾದರು. ತಮ್ಮನ ಮಗಳ ಮದುವೆಯಲ್ಲಿ ಬಡಿಸಲು ನಿಂತವನು ಅದೇ ಅಣ್ಣ. ಅವರು ಮರೆತಿದ್ದಾರೆ. ಮರೆಯದೇ ಇದ್ದದ್ದು ನನ್ನ ಮೊಬೈಲು ಮಾತ್ರ. ಅಷ್ಟೇ ಅಲ್ಲ, ಕಂಪ್ಯೂಟರಿನಲ್ಲಿ, ಪೆನ್‌ಡ್ರೈವಿನಲ್ಲಿ, ದೂರದ ಯಾವುದೋ ಯಂತ್ರದಲ್ಲಿ ಅದರ ಪ್ರತಿಗಳು ಭದ್ರವಾಗಿದ್ದವು. ಕೆಲಸಗಾರನ ಕೂಲಿಯ ಲೆಕ್ಕಕ್ಕೆ ಒಂದೂ ಪ್ರತಿ ಇರಲಿಲ್ಲ. ಒಬ್ಬನ ಸಿಟ್ಟಿನ ಮಾತಿಗೆ ನಾಲ್ಕು ಪ್ರತಿ!

ವಿಮೋಚನಕಾಂಡದಲ್ಲಿ ಮನ್ನದ ಕಥೆಯಿದೆ. ದೇವರ ಮಾತು ಮೀರಿ ಮರುದಿನಕ್ಕೆಂದು ಉಳಿಸಿಕೊಂಡ ಮನ್ನ ಹುಳ ಬಿದ್ದು ನಾರಿತು. ಆದರೆ ಅದೇ ಮನ್ನವನ್ನು ಒಂದು ಪಾತ್ರೆಯಲ್ಲಿ ತುಂಬಿ, ಮುಂದಿನ ತಲೆಮಾರುಗಳು ನೋಡಲೆಂದು ದೇವರ ಸನ್ನಿಧಿಯಲ್ಲಿ ಇಡಲಾಯಿತು. ವಸ್ತು ಒಂದೇ, ಒಂದು ಕೊಳೆಯಿತು, ಒಂದು ಉಳಿಯಿತು. ಒಂದನ್ನು ಉಳಿಸಿದ್ದು ತನ್ನ ಭಯಕ್ಕಾಗಿ, ಇನ್ನೊಂದನ್ನು ಇತರರಿಗಾಗಿ.

ಸಂತ ಪೌಲರು ಪ್ರೀತಿಯ ಗುಣಗಳನ್ನು ಎಣಿಸುವಾಗ, ಕೇಡಿನ ಲೆಕ್ಕವಿಡದಿರುವುದನ್ನೂ ಅವುಗಳಲ್ಲಿ ಸೇರಿಸಿದ್ದಾರೆ. ಮನುಷ್ಯನ ನೆನಪು ಕಾಲದೊಡನೆ ಮಾಸುತ್ತದೆ. ಅದು ದೇವರು ಕೊಟ್ಟ ಒಂದು ಉಪಕಾರ. ಯಂತ್ರಕ್ಕೆ ಆ ಗುಣವಿಲ್ಲ. ಅದರ ಬದಲು ನಾವೇ ಆರಿಸಬೇಕು.

ಇಲ್ಲಿ ಒಂದು ಗಂಭೀರ ಆಕ್ಷೇಪ ಬರಬಹುದು. ಅಳಿಸುವುದೇ ಪುಣ್ಯವಾದರೆ ತಪ್ಪು ಮಾಡಿದವರೆಲ್ಲ ಬಚಾವಾಗುವುದಿಲ್ಲವೇ? ಈ ಪ್ರಶ್ನೆ ನಮ್ಮ ಧರ್ಮಸಭೆಗೇ ತಟ್ಟಿದೆ. 1983ರ ಸಂಹಿತೆಯ 489ನೇ ವಿಧಿಯಂತೆ, ನೈತಿಕ ಅಪರಾಧದ ಪ್ರಕರಣಗಳಲ್ಲಿ ಅಪರಾಧಿ ತೀರಿಕೊಂಡಿದ್ದರೆ ಅಥವಾ ಶಿಕ್ಷೆಯ ತೀರ್ಪಾಗಿ ಹತ್ತು ವರ್ಷ ಕಳೆದಿದ್ದರೆ ಗುಪ್ತ ದಫ್ತರದ ಆ ಕಡತವನ್ನು ನಾಶಪಡಿಸಬೇಕು. ಘಟನೆಯ ಸಾರಾಂಶವನ್ನೂ ಅಂತಿಮ ತೀರ್ಪನ್ನೂ ಮಾತ್ರ ಉಳಿಸಬೇಕು. ಆದರೆ 2019ರ ಫೆಬ್ರವರಿಯಲ್ಲಿ ವ್ಯಾಟಿಕನ್‌ನಲ್ಲಿ ಸೇರಿದ ಸಭೆಯಲ್ಲಿ ಜರ್ಮನಿಯ ಕಾರ್ಡಿನಲ್ ರೈನ್‌ಹಾರ್ಡ್ ಮಾರ್ಕ್ಸ್ ಅವರು, ಮಕ್ಕಳ ಮೇಲಿನ ದೌರ್ಜನ್ಯದ ಕಡತಗಳನ್ನು ಕೆಲವೆಡೆ ನಾಶಮಾಡಲಾಗಿತ್ತು, ಕೆಲವೆಡೆ ಬರೆದೇ ಇರಲಿಲ್ಲ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಅಂಥ ಅಳಿಸುವಿಕೆ ಕ್ಷಮೆಯಲ್ಲ, ಎರಡನೆಯ ಅನ್ಯಾಯ.

ಹಾಗಾದರೆ ಗೆರೆ ಎಲ್ಲಿ? ಬಹಳ ಯೋಚಿಸಿ ನಾನು ಒಂದೇ ಪ್ರಶ್ನೆಗೆ ಬಂದು ನಿಂತೆ: ಈ ಬರಹ ಇಲ್ಲದೆ ಹೋದರೆ ನಷ್ಟ ಯಾರಿಗೆ?

ಕೂಲಿಯ ಲೆಕ್ಕ ಕಳೆದರೆ ನಷ್ಟ ಕೆಲಸಗಾರನಿಗೆ. ಅದನ್ನು ಇಡಬೇಕು, ಪ್ರತಿಯನ್ನೂ ತೆಗೆಯಬೇಕು. ಮಗುವಿಗೆ ಆದ ಅನ್ಯಾಯದ ದಾಖಲೆ ಅಳಿದರೆ ನಷ್ಟ ಆ ಮಗುವಿಗೆ. ಅದನ್ನು ಅಳಿಸುವ ಹಕ್ಕು ನನಗಿಲ್ಲ. ನನ್ನಲ್ಲಿ ಅಡಗಿಸಿಡುವ ಹಕ್ಕೂ ಇಲ್ಲ. 2012ರ ಪೋಕ್ಸೊ ಕಾಯಿದೆಯಂತೆ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಇನ್ನೊಬ್ಬನಿಗಾದ ನೋವನ್ನು ಅವನ ಪರವಾಗಿ ನಾನು ಕ್ಷಮಿಸಲಾರೆ. ಆದರೆ ಆ ಅಣ್ಣನ ಸಿಟ್ಟಿನ ಮಾತು ಅಳಿದರೆ ನಷ್ಟ ಯಾರಿಗೆ? ಅವನಿಗಿಲ್ಲ, ತಮ್ಮನಿಗಿಲ್ಲ. ಎಂದಾದರೂ ಅವನನ್ನು ಕಂಡಾಗ, ನಿನ್ನ ಗುಟ್ಟು ನನಗೆ ಗೊತ್ತು ಎಂದು ಮನಸ್ಸಿನಲ್ಲೇ ಅಂದುಕೊಳ್ಳುವ ನನ್ನ ಸಣ್ಣತನಕ್ಕೆ ಮಾತ್ರ ನಷ್ಟ.

ನಾನು ಅದನ್ನು ಅಳಿಸಿದೆ. ಒಮ್ಮೆ ಒತ್ತಿದರೆ ಮುಗಿಯುವುದಿಲ್ಲವೆಂದೂ ಆಗ ತಿಳಿಯಿತು. ಅಳಿಸಿದ್ದು ಮೊದಲು ಆ್ಯಪ್‌ನ ಕಸದ ಬುಟ್ಟಿಗೆ ಹೋಗಿ ಕೂರುತ್ತದೆ. ಅದನ್ನು ಬರಿದು ಮಾಡಿ, ಪೆನ್‌ಡ್ರೈವ್ ಹುಡುಕಿ, ಹಳೆಯ ಪ್ರತಿಗಳನ್ನು ಒಂದೊಂದಾಗಿ ತೆಗೆಯಲು ಒಂದು ಸಂಜೆ ಬೇಕಾಯಿತು. ಮನಸ್ಸಿನಿಂದ ಕ್ಷಮಿಸುವುದೂ ಬಹುಶಃ ಹೀಗೆಯೇ. ಒಮ್ಮೆ ಕ್ಷಮಿಸಿದೆ ಎಂದ ಮೇಲೂ ಎಲ್ಲೋ ಒಂದು ಪ್ರತಿ ಉಳಿದಿರುತ್ತದೆ.

ಕುಟುಂಬಗಳಲ್ಲಿ ನನ್ನದೊಂದು ವಿನಂತಿ. ಈ ವಾರ ಒಂದು ಸಂಜೆ, ಜಪಸರ ಮುಗಿದ ಮೇಲೆ, ಗಂಡಹೆಂಡತಿ ಒಟ್ಟಿಗೆ ಕುಳಿತುಕೊಳ್ಳಿ. ಕೊಡಬೇಕಾದದ್ದು, ಬರಬೇಕಾದದ್ದು, ಜಾಗದ ಕಾಗದ, ಮಕ್ಕಳ ದಾಖಲೆಗಳು, ಇವನ್ನು ಒಂದು ಕಡೆ ಬರೆದು, ಒಂದು ಪ್ರತಿಯನ್ನು ಕಾಗದದಲ್ಲೂ ಇಡಿ. ಮೊಬೈಲಿನ ಗುಪ್ತ ಸಂಖ್ಯೆಯನ್ನು ಒಬ್ಬರಿಗೊಬ್ಬರು ತಿಳಿಸಿ. ಆಮೇಲೆ, ಯಾರ ಮೇಲೋ ಮುನಿದು ಉಳಿಸಿಟ್ಟ ಸಂದೇಶ, ಫೋಟೋ, ಧ್ವನಿಮುದ್ರಣ ಇದ್ದರೆ ಆ ಪ್ರಶ್ನೆಯನ್ನು ಕೇಳಿಕೊಳ್ಳಿ: ಇದು ಇಲ್ಲದೆ ಹೋದರೆ ನಷ್ಟ ಯಾರಿಗೆ?

ಕಡಬದ ಆ ಮನೆಯ ಮೊಬೈಲು ಈಗಲೂ ತೆರೆದಿಲ್ಲ. ಮೊನ್ನೆ ಭಾನುವಾರ ಪೂಜೆಯ ನಂತರ ಆ ತಾಯಿ ಸಿಕ್ಕಿ, ಹೊಸ ಉದ್ದನೆಯ ಲೆಕ್ಕದ ಪುಸ್ತಕ ತಂದಿರುವುದಾಗಿ ಹೇಳಿದರು. ಮೊದಲ ಪುಟದಲ್ಲಿ ಏನು ಬರೆದಿರಿ ಎಂದು ಕೇಳಿದೆ. "ನಾವು ಯಾರಿಗೆ ಕೊಡಬೇಕೆಂದು ಗೊತ್ತಾಗುತ್ತಾ ಹೋಗುತ್ತದೆಯೋ ಅವರ ಹೆಸರು, ಫಾದರ್" ಎಂದರು.